ಶನಿವಾರದ ಬಸ್ಸಿನಲ್ಲಿ ನನ್ನ ಐದು ಹಾಡು

ಕಳೆದ ವರ್ಷ ನನಗೆ ಐದು ಹಾಡು ಸಿಕ್ಕವು. ಸಿಕ್ಕವು ಎಂದರೆ ಯಾರೋ ಕೈಯಲ್ಲಿಟ್ಟದ್ದಲ್ಲ, ಸಿನಿಮಾದವರು ಕಿವಿಗೆ ಸುರಿದದ್ದಲ್ಲ, ಗಣಪತಿ ಹಬ್ಬದ ಹತ್ತು ದಿನ ಓಣಿಯ ಮೂಲೆಯ ಧ್ವನಿವರ್ಧಕ ಎದೆಗೆ ಗುದ್ದಿ ಗುದ್ದಿ ಕಲಿಸಿದ್ದೂ ಅಲ್ಲ. ನಾನೇ ಹುಡುಕಿಕೊಂಡದ್ದು. ಐವತ್ತಾರನೆಯ ವಯಸ್ಸಿನಲ್ಲಿ, ಹೊಟ್ಟೆ ಮುಂದೆ ಬಂದು ಕೂದಲು ಹಿಂದೆ ಸರಿದ ಮೇಲೆ, ಹಣೆಯ ಮೇಲಿಟ್ಟ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಕಾಲದಲ್ಲಿ, ಐದು ಹಾಡು ಹುಡುಕಿಕೊಂಡೆ ಎನ್ನುವುದು ಸಣ್ಣ ಮಾತಲ್ಲ. ನಿಮಗೆ ಸಣ್ಣದೆನಿಸಿದರೆ ಪುಟ ತಿರುಗಿಸಿ, ನನಗೇನೂ ಬೇಜಾರಿಲ್ಲ.

ಇವತ್ತು ಬೆಳಿಗ್ಗೆ ಊಟದ ಡಬ್ಬಿಯ ಚೀಲದಿಂದ ಚಮಚ ತೆಗೆಯಲು ಹೋದರೆ ಇಯರ್‌ಫೋನಿನ ವಾಯರು ಅದಕ್ಕೆ ಸುತ್ತಿಕೊಂಡು ಬಂತು. ಇದು ದಿನದ ಕಥೆ. ರಾತ್ರಿ ನೀಟಾಗಿ ಮಡಚಿ ಇಟ್ಟ ವಾಯರು ಬೆಳಗಾಗುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಗಂಟು ಹಾಕಿಕೊಂಡಿರುತ್ತದೆ. ಬಿಡಿಸುತ್ತಾ ಕೂತೆ. ಬಿಡಿಸುತ್ತಾ ಕೂತರೆ ಇಂಥ ವಯಸ್ಸಿನಲ್ಲಿ ಏನೇನೋ ನೆನಪಾಗುತ್ತದೆ, ಚಹಾ ಆರಿ ತಣ್ಣಗಾಗುತ್ತದೆ, ಹೆಂಡತಿ ಬೈಯುತ್ತಾಳೆ.

ನಮ್ಮ ಮನೆತನದಲ್ಲಿ ನನ್ನ ಬಗ್ಗೆ ಒಂದು ತೀರ್ಪು ಬಹಳ ಹಿಂದೆಯೇ ಆಗಿಹೋಗಿದೆ. ಇವನಿಗೆ ಹಾಡಿನ ಕಿವಿ ಇಲ್ಲ ಎಂದು. ತೀರ್ಪು ಕೊಟ್ಟವನು ನನ್ನ ಅಣ್ಣ. ಸಿಂದಗಿ ಸೀಮೆಯ ನಮ್ಮೂರ ಮನೆಯಲ್ಲಿ ಗೋಡೆಯ ಹಲಗೆಯ ಮೇಲೆ ಒಂದು ರೇಡಿಯೊ ಇತ್ತು. ಅವ್ವ ಕಸೂತಿ ಹಾಕಿದ ಬಟ್ಟೆ ಅದಕ್ಕೆ ಹೊದಿಸಿರುತ್ತಿದ್ದಳು. ಬಟ್ಟೆ ಎತ್ತುವ ಹಕ್ಕು ಅವ್ವನದು, ಗುಂಡಿ ತಿರುಗಿಸುವ ಹಕ್ಕು ಅಣ್ಣನದು, ಧೂಳು ಒರೆಸುವ ಹಕ್ಕು ನನ್ನದು. ಒಮ್ಮೆ ಒರೆಸುತ್ತಾ ಒರೆಸುತ್ತಾ ಗುಂಡಿಯನ್ನೂ ಸ್ವಲ್ಪ ಒರೆಸಿದೆ. ಗರಗರ ಸದ್ದಿನ ನಡುವೆ ಯಾವುದೋ ದೂರದ ದೇಶದ ವಾದ್ಯ ಕೇಳಿತು. ಯಾವ ದೇಶ, ಯಾವ ವಾದ್ಯ, ಇಂದಿಗೂ ಗೊತ್ತಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಣ್ಣ ಹಿಂದಿನಿಂದ ಬಂದು ತಲೆಗೊಂದು ಕೊಟ್ಟು, "ಗರಗರಾ ಅನ್ನೂದು ಕೇಳ್ಕೋತ ನಿಂತಾನ ನೋಡವ್ವ ಇವ, ಇವಗ ಕಿವೀನ ಇಲ್ಲ" ಎಂದು ಕೂಗಿ ಹೇಳಿದ. ಅಷ್ಟೇ. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ.

ಶಾಲೆಯಲ್ಲೂ ಅದೇ ಆಯಿತು. ಪ್ರಾರ್ಥನೆಗೆ ನಿಂತಾಗ ನಮ್ಮ ಮಾಸ್ತರರು ಸಾಲಿನ ಉದ್ದಕ್ಕೂ ಕಿವಿ ಕೊಡುತ್ತಾ ಬಂದು ನನ್ನ ಹತ್ತಿರ ನಿಂತರು. "ಏ ಬಿರಾದಾರ, ನೀ ಬರೇ ಬಾಯಿ ಆಡ್ಸು. ದನಿ ಹೊರಗ ತಗೀಬ್ಯಾಡ" ಎಂದರು. ನಾನು ವಿಧೇಯ ಹುಡುಗ. ನಾಲ್ಕು ವರ್ಷ ಬರೀ ಬಾಯಿ ಆಡಿಸಿದೆ. ದನಿ ಹೊರಗೆ ಬರದ ಕಾರಣ ಶಕ್ತಿಯೆಲ್ಲ ಮುಖಕ್ಕೆ ಹೋಗುತ್ತಿತ್ತೇನೋ, ಒಂದು ಸಲ ತಪಾಸಣೆಗೆ ಬಂದ ಸಾಹೇಬರು ನನ್ನನ್ನೇ ತೋರಿಸಿ, ಆ ಎರಡನೆಯ ಸಾಲಿನ ಹುಡುಗ ಎಷ್ಟು ಭಾವ ತುಂಬಿ ಹಾಡುತ್ತಾನೆ ಎಂದು ಹೊಗಳಿದರು. ಮಾಸ್ತರರು ಕೆಮ್ಮಿದರು. ನನಗೆ ಒಂದು ಪೆನ್ಸಿಲು ಬಹುಮಾನ ಬಂತು.

ಮದುವೆಯಾಗಿ ಪುಣೆಗೆ ಬಂದು ಹಡಪಸರದಲ್ಲಿ ಒಂದು ಕೋಣೆ ಹಿಡಿದಾಗ ಹೊಸ ಹೆಂಡತಿಗೆಂದು ಒಂದು ಕ್ಯಾಸೆಟ್ಟು ತಂದೆ. ನಾನೇ ಅಂಗಡಿಯಲ್ಲಿ ಅರ್ಧ ತಾಸು ನಿಂತು ಆರಿಸಿದ್ದು. ಮಹಾದೇವಿ ಒಂದು ಸಲ ಪೂರ್ತಿ ಕೇಳಿದಳು, "ಚಲೋ ಅದ ರೀ" ಎಂದಳು, ಮುಂದಿನ ತಿಂಗಳು ತವರಿಗೆ ಹೋದಾಗ ಅದರ ಮೇಲೆಯೇ ತಮ್ಮವ್ವನ ಸೋಬಾನೆ ಹಾಡು ತುಂಬಿಸಿಕೊಂಡು ಬಂದಳು. ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆಯ ಹಾಡೇ ಚೆನ್ನಾಗಿತ್ತು. ಆದರೆ ನಾನು ಆರಿಸಿದ ಹಾಡನ್ನು ಯಾರೂ ಉಳಿಸಿಕೊಳ್ಳುವುದಿಲ್ಲ ಎನ್ನುವುದು ಅವತ್ತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಇಷ್ಟು ವರ್ಷ ಅದು ಅಲ್ಲೇ ಕೂತಿತ್ತು, ನಾನೂ ಅದನ್ನು ಏಳು ಎನ್ನಲಿಲ್ಲ.

ಈಗ ನಮ್ಮ ಬಸ್ಸಿನ ವಿಷಯ ಹೇಳಬೇಕು. ಭೋಸರಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನನ್ನ ಕೆಲಸ. ಕಂಪನಿಯ ಬಸ್ಸು ಬೆಳಿಗ್ಗೆ ಆರೂ ನಲವತ್ತಕ್ಕೆ ಹಡಪಸರ ಬಿಟ್ಟು ಮುಂಢವಾ, ಯರವಡಾ, ವಿಶ್ರಾಂತವಾಡಿ, ದಿಘಿ ಎಂದು ಊರೆಲ್ಲ ಸುತ್ತಿ ಎಂಟರೊಳಗೆ ಗೇಟು ಮುಟ್ಟುತ್ತದೆ. ನಲವತ್ತೆರಡು ಜನ. ಈ ಬಸ್ಸಿನಲ್ಲಿ ಶನಿವಾರಕ್ಕೊಬ್ಬರ ಪಾಳಿ. ಪಾಳಿ ಬಂದವರು ತಮ್ಮ ಮೊಬೈಲಿನಿಂದ ಡ್ರೈವರ್ ತುಕಾರಾಮನ ಸ್ಪೀಕರಿಗೆ ಹಾಡು ಹಾಕಬೇಕು. ಐದು ಹಾಡು. ಕೇಳುವವರಿಗೂ ಒಂದು ಹಕ್ಕಿದೆ. ಹಾಡು ಹಿಡಿಸದಿದ್ದರೆ ಮುಂದಿನ ಸೀಟಿನ ಕಬ್ಬಿಣದ ಕಂಬಿಯನ್ನು ಉಂಗುರದಿಂದಲೋ ಬೀಗದ ಕೈಯಿಂದಲೋ ಬಡಿಯಬಹುದು. ಒಂದೇ ಹಾಡಿಗೆ ಮೂರು ಜನ ಬಡಿದರೆ ಹಾಡೂ ಮುಗಿಯಿತು, ಪಾಳಿಯೂ ಮುಗಿಯಿತು. ಆಮೇಲೆ ಮಠಪತಿಯವರು ಚೀಲದಿಂದ ತಾಳ ತೆಗೆಯುತ್ತಾರೆ, ಗೇಟು ಬರುವವರೆಗೆ ಭಜನೆ.

ಮಠಪತಿಯವರು ನನ್ನ ಪಕ್ಕದ ಸೀಟಿನವರು. ನಾನು ಕಿಟಕಿಗೆ, ಅವರು ನನ್ನ ಬಲಕ್ಕೆ. ಅವರೂ ನಮ್ಮ ಕಡೆಯವರೇ, ದೇವರಹಿಪ್ಪರಗಿಯವರು. ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ದಿನವಿಡೀ ಅಳತೆಯ ಗೇಜು ಹಿಡಿದು ಇದು ಪಾಸು, ಇದು ರಿಜೆಕ್ಟು ಎನ್ನುವುದೇ ಕೆಲಸವಾದ್ದರಿಂದ ಆ ಚಟ ಬಸ್ಸಿಗೂ ಬಂದಿದೆ. ಇಪ್ಪತ್ತು ವರ್ಷದಲ್ಲಿ ಅವರ ಉಂಗುರದ ಏಟಿಗೆ ಎಷ್ಟು ಹಾಡು ಸತ್ತಿವೆಯೋ ದೇವರೇ ಬಲ್ಲ. ಅವರ ಸೀಟಿನ ಮುಂದಿನ ಕಂಬಿಯಲ್ಲಿ ಬಣ್ಣವೇ ಉಳಿದಿಲ್ಲ.

ಏಟು ತಪ್ಪಿಸಿಕೊಳ್ಳಲು ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಪಾಳಿಯವರು ತಿನ್ನಲು ಏನಾದರೂ ತರುವುದು ಪದ್ಧತಿ. ಅದನ್ನು ಹಾಡು ಹಾಕುವ ಮೊದಲೇ ಹಂಚಿಬಿಡುತ್ತಾರೆ. ತಿನಿಸು ಎಷ್ಟು ಜಿಗುಟಾಗಿದ್ದರೆ ಅಷ್ಟು ಒಳ್ಳೆಯದು. ಎರಡೂ ಕೈ ಅಂಟಾದವನು ಕಂಬಿ ಮುಟ್ಟುವುದಿಲ್ಲ. ಡಿಸ್‌ಪ್ಯಾಚಿನ ಕವಿತಾ ಮೇಡಮ್ಮು ಪ್ರತಿವರ್ಷ ಬೆಲ್ಲದ ಪಾಕದ ಉಂಡೆ ತಂದು ಐದಕ್ಕೈದು ಹಾಡು ದಾಟಿಸುತ್ತಾರೆ. ಏಳು ವರ್ಷದ ಹಿಂದೆ ನನ್ನ ಮೊದಲ ಪಾಳಿ ಬಂದಾಗ ಈ ಗುಟ್ಟು ನನಗೆ ಗೊತ್ತಿರಲಿಲ್ಲ. ನಾನು ಅವಲಕ್ಕಿ ಚಿವಡಾ ಕೊಟ್ಟೆ. ಚಿವಡಾ ತಿನ್ನಲು ಒಂದು ಕೈ ಸಾಕು, ಇನ್ನೊಂದು ಕೈ ಖಾಲಿ. ನನ್ನ ಮೊದಲ ಹಾಡಿನ ಪಲ್ಲವಿ ಮುಗಿಯುವ ಮೊದಲೇ ಮೂರಲ್ಲ, ಹದಿನೈದು ಜನ ಬಡಿದರು. ಕುದುರೆ ಲಾಯದಲ್ಲಿ ಕೂತ ಹಾಗಾಯಿತು. ಅಂದಿನಿಂದ ಪ್ರತಿವರ್ಷ ನನ್ನ ಪಾಳಿ ಬಂದಾಗ ಚಿವಡಾದ ಚೀಲ ಮಾತ್ರ ಕೊಟ್ಟು, "ಮಠಪತಿಯವರ, ನನ್ನ ಬದಲಿ ನೀವ ಭಜನಿ ಹಚ್ರಿ" ಎನ್ನುತ್ತಿದ್ದೆ. ಹೀಗೆ ಐದು ವರ್ಷ. ಆರನೆಯ ವರ್ಷ ಯಾರೂ ನನ್ನನ್ನು ಕೇಳಲೂ ಇಲ್ಲ, ಚೀಲವನ್ನಷ್ಟೇ ಕೇಳಿದರು. ಅದು ನೋವಾಯಿತು. ಸಣ್ಣ ನೋವೇ, ಆದರೆ ಮನೆಗೆ ಬಂದಮೇಲೂ ಹೋಗಲಿಲ್ಲ.

ಅದೇ ದಿನಗಳಲ್ಲಿ ಮಗಳು ಸ್ನೇಹಾ ವಾಯರಿಲ್ಲದ ಹೊಸ ಇಯರ್‌ಫೋನು ಕೊಂಡು ಈ ಹಳೆಯದನ್ನು ಅಡುಗೆಮನೆಯ ಡ್ರಾಯರಿಗೆ ಎಸೆದಳು. ಎಸೆದದ್ದೆಲ್ಲ ನನ್ನ ಪಾಲಿಗೆ ಬರುವುದು ನಮ್ಮ ಮನೆಯ ವಾಡಿಕೆ. ಅವಳು ಇಲ್ಲೇ ಪುಣೆಯ ಕಾಲೇಜಿನಲ್ಲಿ ಓದುತ್ತಾಳೆ, ಶನಿವಾರ ಸಂಜೆ ಗೆಳತಿಯರ ಜೊತೆ ಎಲ್ಲೋ ಹೋಗಿ ಯಾವುದೋ ಬ್ಯಾಂಡಿನ ಹಾಡು ಕೇಳಿ ದನಿ ಕೂರಿಸಿಕೊಂಡು ಬರುತ್ತಾಳೆ. ನನ್ನ ಮೊಬೈಲಿನಲ್ಲಿ ಹಾಡಿನ ಆ್ಯಪು ಅವಳದೇ ಖಾತೆಯಲ್ಲಿ ನಡೆಯುತ್ತದೆ. ಒಂದು ದಿನ ಬಸ್ಸಿನಲ್ಲಿ ಸುಮ್ಮನೆ ಒತ್ತಿದೆ. ಗಿಟಾರು ಕಿರುಚಿತು. ಗಾಬರಿಯಾಗಿ ನಿಲ್ಲಿಸಲು ನೋಡಿದರೆ ನಿಲ್ಲಿಸುವ ಗುಂಡಿ ಸಿಗಲಿಲ್ಲ. ಸಿಗುವಷ್ಟರಲ್ಲಿ ಹಾಡು ಹಿಡಿಸಿಬಿಟ್ಟಿತ್ತು.

ಸಂಜೆ ಮಗಳನ್ನು ಕೇಳಿದೆ, ಇವರು ಯಾರು ಎಂದು.

"ಇದು ಇಂಡೀ ರಾಕ್, ಅಪ್ಪಾ."

ನಮ್ಮ ಸಿಂದಗಿಯ ಪಕ್ಕದ, ಲಿಂಬೆಹಣ್ಣಿನ ಇಂಡಿ ಊರಿನವರು ಇಷ್ಟು ಮುಂದುವರಿದರೇ ಎಂದು ಒಂದು ಕ್ಷಣ ಜಿಲ್ಲೆಯ ಅಭಿಮಾನದಿಂದ ಬೀಗಿದೆ. ಹಾಗಲ್ಲವಂತೆ.

"ಇವರು ಯಾವ ದೊಡ್ಡ ಕಂಪನಿಗೂ ಸೇರಿಲ್ಲ. ಹಾಡು ತಾವ ಬರೀತಾರ, ತಾವ ಬಾರಸ್ತಾರ, ಮನಿ ಖೋಲ್ಯಾಗ ಕೂತು ತಾವ ರೆಕಾರ್ಡ್ ಮಾಡ್ತಾರ. ಯಾರಿಗಿ ಬೇಕೋ ಅವರು ಕೇಳ್ತಾರ, ಬ್ಯಾಡಾದವರು ಬಿಡ್ತಾರ."

"ಮತ್ತ ಯಾರೂ ಕೇಳಲಿಲ್ಲಂದ್ರ?"

"ಆದ್ರೂ ಹಾಡ್ತಾರ, ಅಪ್ಪಾ."

ಆ ಮಾತು ನನಗೆ ಬಹಳ ಹಿಡಿಸಿತು. ಇವರು ನನ್ನ ಜನ ಎನಿಸಿತು. ಯಾರೂ ಕೇಳದ ಹಾಡು ಹಿಡಿದುಕೊಂಡು ಕೂತವರ ಪೈಕಿ ನಾನೂ ಒಬ್ಬನಲ್ಲವೇ?

ಹೀಗೆ ವರ್ಷವಿಡೀ ಕೇಳಿದೆ. ಕೇಳುವ ರೀತಿ ಹೇಗೆಂದರೆ ಎಡಗಿವಿಗೆ ಹಾಡು, ಬಲಗಿವಿಗೆ ಮಠಪತಿಯವರು. ಇಯರ್‌ಫೋನಿನ ಒಂದು ತುದಿ ಅಂಗಿಯ ಗುಂಡಿಗೆ ಜೋತುಬಿದ್ದಿರುತ್ತಿತ್ತು. ಎರಡೂ ಕಿವಿ ಮುಚ್ಚಿಕೊಂಡು ಕೂರುವುದು ಪಕ್ಕದವರಿಗೆ ಅಗೌರವ. ಅವರ ಮೊಣಕಾಲು ನೋವು, ಶಿರೂರಿನಲ್ಲಿ ಅಳಿಯ ಹಾಕಿದ ಟೈಲ್ಸ್ ಅಂಗಡಿ, ಆ ಅಂಗಡಿಯ ಎದುರಿಗೇ ಇನ್ನೊಬ್ಬ ಹಾಕಿದ ಟೈಲ್ಸ್ ಅಂಗಡಿ, ಎಲ್ಲವೂ ನನಗೆ ಬಾಯಿಪಾಠ. "ಹೌದ್ರಿ, ಹೌದ್ರಿ" ಎನ್ನುತ್ತಾ ಎಡಗಿವಿಯಲ್ಲಿ ಡ್ರಮ್ಮು ಎಣಿಸುತ್ತಿದ್ದೆ. ನೂರಾರು ಹಾಡು ಬಂದವು, ಹೋದವು. ಐದು ಉಳಿದವು.

ಅವನ್ನು ನಿಮಗೆ ಹೇಳದೆ ಇರಲಾರೆ. ಒಂದು, ಕೊಲ್ಹಾಪುರದ ನಾಲ್ಕು ಹುಡುಗರ ಮರಾಠಿ ಹಾಡು. ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದ್ದಂತೆ, ನಡುವೆ ನಿಜವಾದ ಕುಕ್ಕರು ಸೀಟಿ ಹೊಡೆಯುತ್ತದೆ. ಮೂರನೆಯ ಸೀಟಿಗೆ ಸರಿಯಾಗಿ ಡ್ರಮ್ಮು ಬೀಳುತ್ತದೆ. ಎರಡು, ಬೆಂಗಳೂರಿನ ಬಾಡಿಗೆ ಮನೆಯ ಹುಡುಗನದು, ಅಚ್ಚ ಕನ್ನಡ. ಮನೆ ಮಾಲೀಕ ನೀರಿನ ಮೋಟಾರು ಯಾವಾಗ ಹಾಕುತ್ತಾನೆ ಎಂದು ಕಾಯುತ್ತಾ ಕಾಯುತ್ತಾ ಪ್ರೇಮವೇ ಕೈತಪ್ಪಿದ ಕಥೆ. ಮೂರು, ಶಿಲ್ಲಾಂಗ್ ಕಡೆಯ ಹುಡುಗಿಯ ಇಂಗ್ಲಿಷ್ ಹಾಡು. ನೆಗಡಿಯಾದವಳ ದನಿ. ಹತ್ತು ಶಬ್ದದಲ್ಲಿ ಒಂದು ತಿಳಿಯುತ್ತದೆ, ಆ ಒಂದು ಸಾಕು. ಒಂದು ಸಾಲು ಹಾಡಿ ಸುಮ್ಮನಾಗುತ್ತಾಳೆ, ಮತ್ತೆ ಒಂದು ಸಾಲು, ಮತ್ತೆ ಸುಮ್ಮನೆ. ಆ ಸುಮ್ಮನಿರುವಿಕೆಯ ಮೇಲೆ ನಾನು ಮಗಳಿಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದೇನೆ. ನಾಲ್ಕು, ದಿಲ್ಲಿಯ ಹುಡುಗನ ಹಿಂದಿ ಹಾಡು, ಅಪ್ಪ ಅಂಗಿಗೆ ಇಸ್ತ್ರಿ ಮಾಡುವುದರ ಬಗ್ಗೆ. ಅಪ್ಪ ಮಾತಾಡುವುದಿಲ್ಲ, ಮಗ ಕೆಲಸದ ಸಂದರ್ಶನಕ್ಕೆ ಹೋಗುವ ದಿನ ಕಾಲರನ್ನು ಎರಡು ಸಲ ಒತ್ತುತ್ತಾನೆ, ಅಷ್ಟೇ. ನನ್ನ ಕಣ್ಣು ಪ್ರತಿ ಸಲ ತುಂಬುತ್ತದೆ. ಮಠಪತಿಯವರು ಅದನ್ನು ತಮ್ಮ ಮೊಣಕಾಲಿನ ಮೇಲಿನ ಕನಿಕರ ಎಂದುಕೊಂಡಿದ್ದಾರೆ.

ಐದನೆಯದಕ್ಕೆ ಮಾತೇ ಇಲ್ಲ. ಯಾವುದೋ ಚಳಿ ದೇಶದ ಬ್ಯಾಂಡು. ಏಳು ನಿಮಿಷ ಬರೀ ವಾದ್ಯ. ಮೊದಲ ಎರಡು ನಿಮಿಷ ಒಂದೇ ಗಿಟಾರು, ಅದೂ ಸಂಕೋಚದಿಂದ. ಆಮೇಲೆ ಇನ್ನೊಂದು ಸೇರುತ್ತದೆ, ಡ್ರಮ್ಮು ಬರುತ್ತದೆ, ಏರುತ್ತದೆ, ಏರುತ್ತದೆ, ಇನ್ನು ಏರಲಾರದು ಎಂದುಕೊಂಡ ಮೇಲೂ ಏರುತ್ತದೆ. ಜುಲೈ ತಿಂಗಳಲ್ಲಿ ಮುಂಢವಾದ ಟ್ರಾಫಿಕ್ಕಿನಲ್ಲಿ ಬಸ್ಸು ಮುಕ್ಕಾಲು ತಾಸು ನಿಂತಾಗ ಮೊದಲ ಸಲ ಕೇಳಿದೆ. ಹೊರಗೆ ತರಕಾರಿ ಟೆಂಪೊ, ಸಿಮೆಂಟ್ ಗಾಡಿ, ಹಾರ್ನು, ಬೈಗುಳ. ಒಳಗೆ ನಾನು ಎಷ್ಟು ಸುಖವಾಗಿದ್ದೆನೆಂದರೆ ಟ್ರಾಫಿಕ್ಕು ಬಿಡದಿರಲಿ ಎಂದು ಬೇಡಿಕೊಂಡೆ. ಈ ವಯಸ್ಸಿನಲ್ಲಿ ಇಂಥ ಸುಖ ಹೊಸದಾಗಿ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಂದ ಮೇಲೆ ಅದನ್ನು ಒಬ್ಬನೇ ಇಟ್ಟುಕೊಳ್ಳಲು ಆಗುವುದಿಲ್ಲ ಎಂದೂ ಹೇಳಿರಲಿಲ್ಲ.

ನವೆಂಬರಿನಲ್ಲಿ ಪಾಳಿಯ ಪಟ್ಟಿ ಬಂತು. ಡಿಸೆಂಬರಿನ ಕೊನೆಯ ಶನಿವಾರ ನನ್ನ ಪಾಳಿ. ಮಠಪತಿಯವರು ನನ್ನನ್ನು ಕೇಳದೆಯೇ, "ಅವತ್ತ ಯಾವ ಭಜನಿ ಹಚ್ಚೂಣ್ರಿ?" ಎಂದರು.

"ಈ ಸಲ ಪಾಳಿ ನಾನ ಮಾಡ್ತೀನ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. "ಮೈಯ್ಯಾಗ ಆರಾಮ ಅದೀರಿಲ್ಲ?"

ಸುದ್ದಿ ಬಸ್ಸಿಗೆಲ್ಲ ಹಬ್ಬಿತು. ತುಕಾರಾಮ ಕನ್ನಡಿಯಲ್ಲಿ ನನ್ನನ್ನು ನೋಡಿ ನಗತೊಡಗಿದ. ಮನೆಯಲ್ಲಿ ಮಹಾದೇವಿ ಯುದ್ಧಕ್ಕೆ ಹೊರಟವನನ್ನು ನೋಡುವ ಹಾಗೆ ನೋಡಿ, "ಶೇಂಗಾ ಹೋಳಿಗಿ ಮಾಡಿಕೊಡ್ತೀನ್ರಿ. ಮ್ಯಾಲ ತುಪ್ಪ ಜಾಸ್ತಿ ಹಾಕ್ತೀನಿ, ಎರಡೂ ಕೈ ತುಪ್ಪ ಆಗಬೇಕು ಅವರದು" ಎಂದಳು. ಅವಳಿಗೆ ಬಸ್ಸಿನ ರಾಜಕೀಯ ನನಗಿಂತ ಚೆನ್ನಾಗಿ ಗೊತ್ತು.

ನಾನು ಬೇಡ ಎಂದೆ. ಹೋಳಿಗೆ ಮಾಡು, ಆದರೆ ಹಾಡು ಮುಗಿಯುವವರೆಗೆ ಡಬ್ಬಿ ತೆಗೆಯುವುದಿಲ್ಲ ಎಂದೆ. ಕೈ ಅಂಟಾದ ಕಾರಣಕ್ಕೆ ಉಳಿದ ಹಾಡು ಉಳಿದ ಹಾಗಲ್ಲ. ಎಲ್ಲರ ಕೈ ಖಾಲಿ ಇರಲಿ, ಎಲ್ಲರ ಉಂಗುರ ಬೆರಳಲ್ಲೇ ಇರಲಿ, ಆದರೂ ಬಡಿಯದಿದ್ದರೆ ಆಗ ಅದು ಗೆಲುವು.

ಸ್ನೇಹಾ ಹಾಡುಗಳ ಸಾಲು ಹೊಂದಿಸಲು ಕೂತಳು. ಮೊದಲ ನಾಲ್ಕಕ್ಕೆ ತಲೆಯಾಡಿಸಿದಳು. ಐದನೆಯದಕ್ಕೆ, "ಬ್ಯಾಡ ಅಪ್ಪಾ. ಮಾತಿಲ್ಲ, ಕತಿ ಇಲ್ಲ, ಏಳ ನಿಮಿಷ. ಬಡದ ಹಾಕ್ತಾರ. ನಾಕ ಗೆದ್ದಿ ಅಂದ್ರ ಸಾಕಲ್ಲ?" ಎಂದಳು.

"ಉಳಿದ ನಾಕೂ ಹೋದ್ರ ಹೋಗ್ಲಿ. ಇದೊಂದು ಪೂರ್ತಿ ಕೇಳಬೇಕವ್ವ ಅವರು" ಎಂದೆ. ಅವಳು ಅದನ್ನೂ ಸಾಲಿನ ಕೊನೆಗೆ ಸೇರಿಸಿದಳು.

ಶನಿವಾರ ಬಂತು. ಚಳಿ. ಎಲ್ಲರೂ ಮಫ್ಲರು ಸುತ್ತಿಕೊಂಡು ನಗುತ್ತಾ ಹತ್ತಿದರು. ಡಬ್ಬಿ ನನ್ನ ತೊಡೆಯ ಮೇಲೆ, ಮುಚ್ಚಳ ಗಟ್ಟಿಯಾಗಿ ಹಾಕಿದೆ. ತುಪ್ಪದ ವಾಸನೆಗೆ ಹಿಂದಿನ ಸೀಟಿನವರು ಕೈ ಚಾಚಿದರು. "ಆಮೇಲೆ" ಎಂದು ಎದ್ದುನಿಂತು ಮರಾಠಿಯಲ್ಲಿ ಸಾರಿದೆ, ಮೊದಲು ಹಾಡು, ಕೊನೆಗೆ ಹೋಳಿಗೆ ಎಂದು. ಇಂಥ ಮೂರ್ಖತನವನ್ನು ಆ ಬಸ್ಸು ಕಂಡಿರಲಿಲ್ಲ. ಕವಿತಾ ಮೇಡಮ್ಮು ಕನಿಕರದಿಂದ ನನ್ನ ಕಡೆ ನೋಡಿದರು.

ಕುಕ್ಕರಿನ ಹಾಡು ಹಾಕಿದೆ. ಕುಕ್ಕರಿನ ಮೊದಲ ಸೀಟಿ ಕೇಳಿ ಹೆಂಗಸರು ನಕ್ಕರು. ಎರಡನೆಯದಕ್ಕೆ ಯಾರೋ ಗ್ಯಾಸು ಸಣ್ಣ ಮಾಡಿ ಎಂದರು. ಮೂರನೆಯ ಸೀಟಿಗೆ ಡ್ರಮ್ಮು ಬಿದ್ದಾಗ ಹಿಂದಿನ ಬೆಂಚು ಹೋ ಎಂದಿತು. ಒಂದೂ ಏಟಿಲ್ಲ. ನನ್ನ ಕಿವಿ ಬಿಸಿಯಾಯಿತು.

ಎರಡನೆಯದು ಕನ್ನಡ. ಬಸ್ಸಿನಲ್ಲಿ ಕನ್ನಡದವರು ನಾವಿಬ್ಬರೇ. ಅರ್ಧ ನಿಮಿಷದಲ್ಲಿ ಎರಡು ಏಟು ಬಿದ್ದವು. ಮೂರನೆಯದು ಮಠಪತಿಯವರದೇ ಎಂದು ನನಗೆ ಖಾತ್ರಿಯಿತ್ತು, ಅವರ ಉಂಗುರದ ಬೆರಳು ಮೇಲೆದ್ದಿತ್ತು. ಅಷ್ಟರಲ್ಲಿ ಹಾಡಿನ ಹುಡುಗ ಮೈಯೆಲ್ಲ ಸೋಪು ಹಚ್ಚಿಕೊಂಡು ಮಾಲೀಕನ ಬಾಗಿಲು ತಟ್ಟುವ ಜಾಗ ಬಂತು. ಮಠಪತಿಯವರ ಹೊಟ್ಟೆ ಕುಲುಕಿತು. "ಏ, ನಮ್ಮ ಮನಿ ಮಾಲಕನೂ ಹಂಗ ಇದ್ದನ್ರಿ, ಭೋಸರಿ ಚಾಳಿನ್ಯಾಗ!" ಎಂದವರೇ ಎದ್ದುನಿಂತು ಇಡೀ ಬಸ್ಸಿಗೆ ಸಾಲುಸಾಲಾಗಿ ಮರಾಠಿಯಲ್ಲಿ ಅರ್ಥ ಹೇಳತೊಡಗಿದರು. ಬಾಡಿಗೆ ಮನೆಯಲ್ಲಿ ಇರದವರು ಆ ಬಸ್ಸಿನಲ್ಲಿ ಯಾರಿದ್ದರು? ಬಡಿದ ಇಬ್ಬರೂ ನಕ್ಕು ಸುಮ್ಮನಾದರು.

ಮೂರನೆಯದು ಶಿಲ್ಲಾಂಗ್ ಹುಡುಗಿ. ಒಂದು ಸಾಲು ಹಾಡಿದಳು. ಸುಮ್ಮನಾದಳು. ಅಷ್ಟರಲ್ಲಿ ಇನ್ನೊಂದು ದನಿ, ಗಂಡಸಿನದು, ವಯಸ್ಸಾದವನದು, ಅವಳಿಗೆ ಉತ್ತರ ಕೊಟ್ಟಿತು. ನಾನು ಬೆಚ್ಚಿಬಿದ್ದೆ. ಯಾರೋ ಹಿಂದೆ ಕೂತು ತಮಾಷೆಗೆ ಹಾಡುತ್ತಿದ್ದಾರೆ ಎಂದು ತಿರುಗಿ ನೋಡಿದೆ. ಯಾರ ಬಾಯಿಯೂ ಆಡುತ್ತಿರಲಿಲ್ಲ. ಮತ್ತೆ ಅವಳು, ಮತ್ತೆ ಅವನು. ಆಗ ತಿಳಿಯಿತು. ಅವನು ಬಲಗಿವಿಯ ಕಡೆ ಹಾಡುವವನು. ಎಡದಲ್ಲಿ ಅವಳು, ಬಲದಲ್ಲಿ ಅವನು, ಹಾಗೆ ಹಂಚಿ ಕಟ್ಟಿದ ಹಾಡು ಅದು. ವರ್ಷವಿಡೀ ನಾನು ಆ ಮುದುಕನ ಜಾಗದಲ್ಲಿ ಶಿರೂರಿನ ಟೈಲ್ಸ್ ಅಂಗಡಿ ಕೇಳಿದ್ದೆ.

ನಗು ಬಂತು, ಅಳುವೂ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ಖುಷಿ. ಅರ್ಧ ಕೇಳಿಯೇ ಇಷ್ಟು ಪ್ರೀತಿಸಿದ್ದೆ. ಹಾಡಿನ ಕಿವಿ ಇಲ್ಲವಂತೆ! ಬಸ್ಸಿನ ಜೊತೆ ನಾನೂ ಹೊಸಬನಂತೆ ಕೇಳಿದೆ. ಒಬ್ಬ ಮಾತ್ರ ಬಡಿದ, ಅವನೂ ಆಮೇಲೆ ಬೀಗದ ಕೈ ಜೇಬಿಗೆ ಹಾಕಿಕೊಂಡ. ನಾಲ್ಕನೆಯ ಹಾಡಿಗೆ ಕಂಬಿಗಳು ಪೂರ್ತಿ ಸುಮ್ಮನಿದ್ದವು. ಹಿಂದಿ ಎಲ್ಲರಿಗೂ ತಿಳಿಯುತ್ತದೆ, ಅಪ್ಪಂದಿರು ಎಲ್ಲರಿಗೂ ಇದ್ದರು. ವಿಶ್ರಾಂತವಾಡಿಯ ಸಿಗ್ನಲ್ಲಿನಲ್ಲಿ ತುಕಾರಾಮ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡದ್ದನ್ನು ಕನ್ನಡಿಯಲ್ಲಿ ಕಂಡೆ.

ದಿಘಿಯ ಏರು ದಾಟಿದ ಮೇಲೆ ಐದನೆಯದು. ಒಂದೇ ಗಿಟಾರು, ಸಂಕೋಚದಿಂದ. ಜನ ಹಾಡುವವನಿಗಾಗಿ ಕಾದರು. ಒಂದು ನಿಮಿಷ. ಯಾರೂ ಹಾಡಲಿಲ್ಲ. ಹಿಂದಿನಿಂದ ಒಂದು ಏಟು ಬಿತ್ತು. ಒಂದೂವರೆ ನಿಮಿಷಕ್ಕೆ ಇನ್ನೊಂದು. ಮಠಪತಿಯವರು ನನ್ನ ಕಡೆ ತಿರುಗಿ ಮೆಲ್ಲಗೆ, "ಇದರಾಗ ಏನೂ ಇಲ್ಲಲ್ರಿ, ಬಿರಾದಾರ್ರ" ಎಂದರು. ಗೇಜು ನೋಡಿ ರಿಜೆಕ್ಟು ಹೇಳುವಾಗಲೂ ಅವರ ದನಿ ಹೀಗೇ ಮೃದುವಾಗಿರುತ್ತದೆ. ಉಂಗುರದ ಬೆರಳು ಎದ್ದಿತು.

ನನಗೆ ಎಲ್ಲಿಂದ ಧೈರ್ಯ ಬಂತೋ. ಅವರ ಕೈ ಹಿಡಿದುಕೊಂಡೆ. "ಮಠಪತಿಯವರ, ಇಷ್ಟ ವರ್ಷ ನನ್ನ ಬಲಗಿವಿ ನಿಮಗ ಕೊಟ್ಟೀನಿ. ಒಂದ ದಿನಾನೂ ಇಲ್ಲ ಅಂದಿಲ್ಲ. ಇವತ್ತ ಐದ ನಿಮಿಷ ನಿಮ್ಮ ಎರಡೂ ಕಿವಿ ನನಗ ಕೊಡ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟು ಕಿವಿ ಎರಡನ್ನೂ ಬಯಲು ಮಾಡಿಕೊಂಡು ಕೂತರು.

ಎರಡನೆಯ ಗಿಟಾರು ಸೇರಿತು. ಡ್ರಮ್ಮು ಬಂತು. ಏರಿತು. ನಾನು ಯಾರ ಮುಖವನ್ನೂ ನೋಡುವ ಧೈರ್ಯವಿಲ್ಲದೆ ಕಿಟಕಿಯಾಚೆ ನೋಡುತ್ತಿದ್ದೆ. ಭೋಸರಿಯ ಶೆಡ್ಡುಗಳು, ಚಿಮಣಿ, ಚಹಾದ ಗಾಡಿ ಹಿಂದೆ ಸರಿದವು. ಮೂರನೆಯ ಏಟು ಬೀಳಲಿಲ್ಲ. ಬೀಳಲೇ ಇಲ್ಲ. ಬಸ್ಸು ಗೇಟಿನ ಮುಂದೆ ನಿಂತಾಗ ಹಾಡು ಇನ್ನೂ ಮೂರು ನಿಮಿಷ ಬಾಕಿ, ಸೈರನ್ನಿಗೆ ಒಂದೇ ನಿಮಿಷ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬಸ್ಸು ತಡವಾಗಿ ಬಂದರೆ ತಪ್ಪು ಬಸ್ಸಿನದು, ಬಸ್ಸು ಗೇಟಿಗೆ ಬಂದಮೇಲೆ ತಡವಾದರೆ ತಪ್ಪು ನಮ್ಮದು. ಮೂರು ಸಲ ಲೇಟು ಎಂದರೆ ಅರ್ಧ ದಿನದ ರಜೆ ಹೋಗುತ್ತದೆ. ನಾನು ಮೊಬೈಲಿನತ್ತ ಕೈ ಹಾಕಿದೆ.

"ಥಾಂಬಾ" ಎಂದ ತುಕಾರಾಮ. ತಡೆಯಿರಿ. ಹಾಡು ಸರಿಯಾಗಿ ಕೇಳಲಿ ಎಂದು ಇಂಜಿನ್ನು ಬಂದ್ ಮಾಡಿದ. ಬಾಗಿಲು ತೆಗೆಯಲಿಲ್ಲ.

ಸೈರನ್ನು ಕೂಗಿತು. ನಲವತ್ತೆರಡು ಜನರಲ್ಲಿ ಒಬ್ಬರೂ ಏಳಲಿಲ್ಲ. ವಾಚ್‌ಮನ್ನು ಬಂದು ಬಸ್ಸಿನ ತಗಡು ಬಡಿದ. ಮಠಪತಿಯವರು ನನ್ನ ಮೈಮೇಲಿಂದ ಕಿಟಕಿಗೆ ಬಗ್ಗಿ ಬಾಯಿಗೆ ಬೆರಳಿಟ್ಟು ಅವನನ್ನು ಸುಮ್ಮನಿರಿಸಿದರು. ಅವನು ಏನೋ ಅನಾಹುತವಾಗಿದೆ ಎಂದುಕೊಂಡು ಟೋಪಿ ತೆಗೆದು ನಿಂತ. ಹಾಡು ಏರಿತು, ಇನ್ನು ಏರಲಾರದು ಎಂಬಲ್ಲಿಂದಲೂ ಏರಿತು, ಮತ್ತೆ ಒಂದೇ ಗಿಟಾರಾಗಿ ಇಳಿದು ನಿಂತಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕವಿತಾ ಮೇಡಮ್ಮು ದೊಡ್ಡದಾಗಿ ಉಸಿರು ಬಿಟ್ಟರು. ತುಕಾರಾಮ ಬಾಗಿಲು ತೆಗೆದ. ನಾನು ಬಾಗಿಲಲ್ಲಿ ನಿಂತು ಡಬ್ಬಿ ಬಿಚ್ಚಿದೆ. ಎಲ್ಲರೂ ಒಂದೊಂದು ಹೋಳಿಗೆ ತೆಗೆದುಕೊಂಡು ಇಳಿದರು.

ಗೇಟಿನಲ್ಲಿ ಲೇಟ್ ರಿಜಿಸ್ಟರು ಕಾದಿತ್ತು. ಹೆಸರು, ಸಮಯ, ತಡವಾದ ಕಾರಣ, ಸಹಿ. ಮೊದಲು ಮಠಪತಿಯವರು. ತುಪ್ಪದ ಕೈಯನ್ನು ಮಫ್ಲರಿಗೆ ಒರೆಸಿಕೊಂಡು ಪೆನ್ನು ಹಿಡಿದರು. ಸ್ವಲ್ಪ ಯೋಚಿಸಿ, ಕಾರಣದ ಕೆಳಗೆ ದುಂಡು ಅಕ್ಷರದ ಮರಾಠಿಯಲ್ಲಿ ಬರೆದರು, ಹಾಡು ಮುಗಿದಿರಲಿಲ್ಲ ಎಂದು. ಅವರ ಹಿಂದೆ ಕವಿತಾ ಮೇಡಮ್ಮು, ಅವರ ಹಿಂದೆ ಉಳಿದವರು. ಒಬ್ಬೊಬ್ಬರೂ ಅದರ ಕೆಳಗೆ ಎರಡೆರಡು ಸಣ್ಣ ಗೀಟು ಎಳೆದು, ಮೇಲಿನಂತೆಯೇ ಎಂದು ತೋರಿಸಿ, ಸಹಿ ಮಾಡಿ ಒಳಗೆ ಹೋದರು. ಎರಡು ಪುಟ ತುಂಬಿತು.

ಕೊನೆಯವನು ನಾನು. ಗೀಟು ಎಳೆಯಲಿಲ್ಲ. ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ, ಕಾರಣದ ಚೌಕ ತುಂಬ ಜಾಗ ತೆಗೆದುಕೊಂಡು ಬರೆದೆ: ಹಾಡು ನನ್ನದು.